ಅಕಾಲದ ಎಚ್ಚರ

ಕುಂಭಕರ್ಣನನ್ನು ಎಬ್ಬಿಸಿದ ಕಥೆಯನ್ನು ಕೇಳಿ ನಗದ ಮಕ್ಕಳಿಲ್ಲ. ಕಿವಿಯ ಬಳಿ ಭೇರಿ ಬಾರಿಸಿದರು, ಶಂಖ ಊದಿದರು, ಮೈಮೇಲೆ ಆನೆಗಳನ್ನು ನಡೆಸಿದರು. ಆದರೂ ಆ ಮಹಾನುಭಾವನ ಗೊರಕೆ ನಿಲ್ಲಲೊಲ್ಲದು. ಈ ನಗೆಯ ಗದ್ದಲದಲ್ಲಿ ಕಥೆಯ ಇನ್ನೊಂದು ಮುಖ ಮರೆತುಹೋಗುತ್ತದೆ. ದೀರ್ಘನಿದ್ರೆ ಅವನಿಗೆ ವಿಧಿಸಿದ್ದ ನಿಯಮ. ಅದು ಮುಗಿಯುವ ಮೊದಲೇ ಅವನನ್ನು ಎಬ್ಬಿಸಿದರು. ಎದ್ದವನು ಮತ್ತೆ ಮಲಗಲಿಲ್ಲ, ರಣರಂಗದಲ್ಲಿ ಮಡಿದ.

ಅಂಗೈಯಲ್ಲಿ ಅಡಗುವಷ್ಟು ಚಿಕ್ಕವರಾದ ಲಕ್ಷಾಂತರ ಕುಂಭಕರ್ಣರು ಇಂದಿಗೂ ಅಮೆರಿಕದ ಪಾಳುಗಣಿಗಳಲ್ಲಿ ವರ್ಷದ ಅರ್ಧಭಾಗವನ್ನು ಮಲಗಿ ಕಳೆಯುತ್ತಾರೆ. ಅವರಿಗೂ ಅಕಾಲದ ಎಚ್ಚರವೇ ಮೃತ್ಯು. ಆ ಪುಟ್ಟ ಜೀವಿಗಳು ಬಾವಲಿಗಳು. ಅವುಗಳ ನಿದ್ದೆಯನ್ನು ಅಭ್ಯಾಸ ಮಾಡಲು ಹೊರಟ ಪ್ರಾಣಿಶಾಸ್ತ್ರಜ್ಞರ ಮುಂದೆ ಒಂದು ವಿಚಿತ್ರವಾದ ತೊಡಕು ಇದೆ: ನೋಡದೆ ತಿಳಿಯಲಾಗದು, ನೋಡಲು ಹೋದರೆ ನಿದ್ದೆ ಕೆಡುತ್ತದೆ. ಈ ತೊಡಕನ್ನು ಅವರು ಬಿಡಿಸಿಕೊಂಡ ಬಗೆ ಸ್ವಾರಸ್ಯವಾಗಿದೆ. ಅದರ ಹಿಂದಿರುವ ವ್ಯಥೆಯೂ ಅಷ್ಟೇ ದೊಡ್ಡದು.

ಊರ ಆಲದ ಮರದಲ್ಲಿ ಜೋತುಬಿದ್ದು, ಸಂಜೆಯಾದೊಡನೆ ಹಣ್ಣುಗಳನ್ನು ಅರಸಿ ಹಾರುವ ದೊಡ್ಡ ಬಾವಲಿಗಳನ್ನು ಕಂಡ ವಾಚಕರಿಗೆ ಬಾವಲಿ ತಿಂಗಳುಗಟ್ಟಲೆ ಮಲಗುತ್ತದೆಂಬ ಮಾತು ಆಶ್ಚರ್ಯವೆನಿಸಬಹುದು. ಉಷ್ಣದೇಶಗಳಲ್ಲಿ ವರ್ಷವೆಲ್ಲ ಆಹಾರವುಂಟು. ಉತ್ತರ ಅಮೆರಿಕದ ಶೀತಪ್ರಾಂತಗಳ ಸ್ಥಿತಿ ಬೇರೆ. ಅಲ್ಲಿಯ ಬಾವಲಿಗಳು ಹುಳುಹುಪ್ಪಟೆಗಳನ್ನೇ ನಂಬಿ ಬಾಳುವಂಥವು. ಅಕ್ಟೋಬರ್ ಕಳೆದು ಹಿಮ ಬೀಳತೊಡಗಿತೆಂದರೆ ಸೊಳ್ಳೆಯಿಲ್ಲ, ಪತಂಗವಿಲ್ಲ. ಹಸಿವನ್ನು ತಣಿಸುವ ಮಾರ್ಗವಿಲ್ಲದಿದ್ದಾಗ ಹಸಿವನ್ನೇ ಮಲಗಿಸಬೇಕು. ಪ್ರಕೃತಿ ಈ ಜೀವಿಗಳಿಗೆ ಕಲಿಸಿದ ಉಪಾಯ ಅದೇ. ಅದನ್ನೇ ಶಿಶಿರನಿದ್ರೆ ಎನ್ನುತ್ತಾರೆ.

ಅಲ್ಲಿಯ ಪುಟ್ಟ ಕಂದು ಬಾವಲಿಯನ್ನೇ ತೆಗೆದುಕೊಳ್ಳಿರಿ. ಅದರ ತೂಕ ಎಂಟು-ಹತ್ತು ಗ್ರಾಂ ಮಾತ್ರ. ಶರತ್ಕಾಲದಲ್ಲಿ ಅದು ಸಿಕ್ಕಿದಷ್ಟು ಕೀಟಗಳನ್ನು ತಿಂದು ಸುಮಾರು ಎರಡು ಗ್ರಾಂ ಕೊಬ್ಬನ್ನು ಮೈಯಲ್ಲಿ ಕೂಡಿಸಿಕೊಳ್ಳುತ್ತದೆ. ಮುಂದಿನ ಆರು ತಿಂಗಳಿಗೆ ಅದರ ಆಸ್ತಿ ಅಷ್ಟೇ. ನೆಲದಡಿಯ ಕತ್ತಲಲ್ಲಿ ಬಂಡೆಯ ಮೈಗೆ ಕಾಲುಗುರುಗಳನ್ನು ಸಿಕ್ಕಿಸಿ ತಲೆಕೆಳಗಾಗಿ ಜೋತುಬೀಳುತ್ತದೆ. ಅದರ ಬೆರಳಿನ ನರಗಳು ದೇಹದ ಭಾರಕ್ಕೇ ಬಿಗಿದು ಬೀಗ ಹಾಕಿದಂತಾಗುವುದರಿಂದ ಜೋತಿರುವುದಕ್ಕೆ ಎಳ್ಳಷ್ಟೂ ಶ್ರಮವಿಲ್ಲ. ಬಳಿಕ ಮೈಯ ಬಿಸಿ ಇಳಿಯುತ್ತ ಇಳಿಯುತ್ತ ಸುತ್ತಲಿನ ಕಲ್ಲಿನಷ್ಟೇ ತಣ್ಣಗಾಗುತ್ತದೆ. ಹಾರುವಾಗ ನಿಮಿಷಕ್ಕೆ ನೂರಾರು ಸಲ ಬಡಿಯುವ ಗುಂಡಿಗೆ ಇಪ್ಪತ್ತರ ಆಸುಪಾಸಿಗೆ ಇಳಿಯುತ್ತದೆ. ಎಷ್ಟೋ ಹೊತ್ತು ಉಸಿರಾಟವೇ ನಿಂತಂತಿರುತ್ತದೆ. ಗಾಳಿಯ ತೇವ ತುಪ್ಪಳದ ಮೇಲೆ ಹನಿಗಟ್ಟಿ, ದೀಪದ ಬೆಳಕು ಬಿದ್ದರೆ ಮುತ್ತು ಪೋಣಿಸಿದಂತೆ ಹೊಳೆಯುತ್ತದೆ. ಯೋಗಿಗಳ ಸಮಾಧಿಯನ್ನು ಹೋಲುವ ಈ ಸ್ಥಿತಿಯಲ್ಲಿ ಎರಡು ಗ್ರಾಂ ಕೊಬ್ಬು ಹನಿಹನಿಯಾಗಿ ಸವೆಯುತ್ತದೆ.

ಇಂಥ ನಿದ್ದೆಗೆ ಎಲ್ಲ ಜಾಗವೂ ಆಗದು. ಹಿಮಗಟ್ಟುವಷ್ಟು ಚಳಿಯಿರಬಾರದು, ಕೊಬ್ಬು ಬೇಗ ಕರಗುವಷ್ಟು ಬೆಚ್ಚಗೂ ಇರಬಾರದು. ತೇವವಿರಬೇಕು, ಗಾಳಿಯ ಹೊಡೆತವಿರಬಾರದು. ಎಲ್ಲಕ್ಕಿಂತ ಮಿಗಿಲಾಗಿ ನಿಶ್ಶಬ್ದವಿರಬೇಕು. ಮೊದಲು ಇವೆಲ್ಲ ದೊರೆಯುತ್ತಿದ್ದುದು ಸಹಜವಾದ ಗುಹೆಗಳಲ್ಲಿ. ಆದರೆ ಮನುಷ್ಯ ಆ ಗುಹೆಗಳೊಳಕ್ಕೆ ಬಂದ. ಕೆಲವನ್ನು ಅಗೆದ; ಕೆಲವಕ್ಕೆ ದೀಪ ಹಚ್ಚಿ, ಮೆಟ್ಟಲು ಕಟ್ಟಿ, ಟಿಕೆಟ್ಟು ಮಾರಿದ. ನೆಲೆ ತಪ್ಪಿದ ಬಾವಲಿಗಳಿಗೆ ಆಶ್ರಯವಾದದ್ದೂ ಅದೇ ಮನುಷ್ಯನ ಕೈಕೆಲಸ: ಕಬ್ಬಿಣಕ್ಕೆಂದು, ಸುಣ್ಣಕ್ಕೆಂದು ಕೊರೆದು, ಅದಿರು ತೀರಿದ ಮೇಲೆ ಬಿಟ್ಟುಹೋದ ಗಣಿಗಳು. ಒಂದು ಗಣಿಗೆ ಎತ್ತರದಲ್ಲೊಂದು ತಗ್ಗಿನಲ್ಲೊಂದು ಬಾಯಿಯಿದ್ದರೆ ಚಳಿಗಾಲದಲ್ಲಿ ಒಳಗಿನ ಬೆಚ್ಚನೆಯ ಗಾಳಿ ಮೇಲಿನಿಂದ ಹೊರಟುಹೋಗಿ ತಣ್ಣನೆಯ ಗಾಳಿ ಕೆಳಗಿನಿಂದ ನುಗ್ಗುತ್ತದೆ. ನೇರವಾಗಿ ಇಳಿದ ಬಾವಿಯಂಥ ಗಣಿಯಾದರೆ ಶೀತವಾಯು ತನ್ನ ಭಾರಕ್ಕೆ ತಾನೇ ಕೆಳಗಿಳಿದು ಅಲ್ಲಿಯೇ ನಿಲ್ಲುತ್ತದೆ. ಬಾವಲಿಗಳು ತಮಗೆ ಬೇಕಾದ ಹದವನ್ನು ಸುರಂಗ ಸುರಂಗವಾಗಿ ಹುಡುಕಿ ಆರಿಸಿಕೊಳ್ಳುತ್ತವೆ.

ಹೀಗೆ ವಿಸ್ಕಾನ್‌ಸಿನ್ ರಾಜ್ಯದಲ್ಲಿ ೧೯೧೪ರಲ್ಲಿ ಕೆಲಸ ನಿಂತ ನೀಡಾ ಎಂಬ ಕಬ್ಬಿಣದ ಗಣಿ ಲಕ್ಷಕ್ಕೂ ಮಿಕ್ಕಿದ ಬಾವಲಿಗಳ ಶಯನಗೃಹವಾಯಿತು. ಅದು ಈಗ ಮಿಲ್ವಾಕೀ ನಗರದ ವಿಶ್ವವಿದ್ಯಾಲಯದ ವಶದಲ್ಲಿದೆ. ಮಿಸೂರಿ ರಾಜ್ಯದ ಹ್ಯಾನಿಬಲ್ ಎಂಬ ಊರು ಮಾರ್ಕ್ ಟ್ವೇನ್ ಬಾಲ್ಯವನ್ನು ಕಳೆದ ಸ್ಥಳವೆಂದು ಸಾಹಿತ್ಯಪ್ರಿಯರಿಗೆ ಪರಿಚಿತ. ಆ ಊರಂಚಿನ ಸುಣ್ಣಕಲ್ಲಿನ ಪಾಳುಗಣಿಯೊಂದನ್ನು ೨೦೧೨ರಲ್ಲಿ ಹೊಕ್ಕು ನೋಡಿದವರು ಬೆರಗಾದರು. ಅಳಿವಿನ ಅಂಚಿನಲ್ಲಿದೆಯೆಂದು ಸರ್ಕಾರ ೧೯೬೭ರಲ್ಲಿಯೇ ಪಟ್ಟಿಮಾಡಿದ್ದ ಇಂಡಿಯಾನಾ ಬಾವಲಿಗಳು ಅಲ್ಲಿ ಒಂದೂವರೆ ಲಕ್ಷಕ್ಕೂ ಮೀರಿ ಮಲಗಿದ್ದವು! ಆ ಜಾತಿಯ ಒಟ್ಟು ಸಂತತಿಯಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಪಾಲು ಒಂದೇ ಗಣಿಯಲ್ಲಿ. ಈ ಬಾವಲಿಗಳು ಒಂದು ಚದರ ಅಡಿ ಜಾಗದಲ್ಲಿ ಸುಮಾರು ಮುನ್ನೂರರಂತೆ ಒಂದಕ್ಕೊಂದು ಒತ್ತಿಕೊಂಡು ಮಲಗುತ್ತವೆ. ಶಾಸ್ತ್ರೀಯ ಹೆಸರಿನಲ್ಲಿ ಇದಕ್ಕೆ ‘ಸೋಡಾಲಿಸ್’ ಎಂದಿರುವುದೂ ಅದಕ್ಕೊಪ್ಪುತ್ತದೆ. ಲ್ಯಾಟಿನ್ ಭಾಷೆಯಲ್ಲಿ ಅದರ ಅರ್ಥ ಸಂಗಾತಿ. ೨೦೧೬ರಲ್ಲಿ ಆ ನೆಲವನ್ನು ಅದೇ ಹೆಸರಿನ ರಕ್ಷಿತ ವನವಾಗಿ ಮಾಡಿದರು. ಜನ ಮೇಲೆ ವಾಯುವಿಹಾರ ಮಾಡಬಹುದು, ಕೆಳಗೆ ಇಳಿಯುವಂತಿಲ್ಲ.

ಆದರೆ ಪಾಳುಗಣಿ ಮಕ್ಕಳಿಗೂ ದನಕರುಗಳಿಗೂ ಗಂಡಾಂತರದ ಜಾಗ. ಊರವರು ಅದರ ಬಾಯಿ ಮುಚ್ಚಬೇಕೆಂದು ಕೇಳುವುದು ನ್ಯಾಯವೇ. ಅವರ ಕಣ್ಣಿಗೆ ಅದು ಬರಿಯ ಹಾಳುಬಾವಿ. ಒಳಗೆ ಯಾರು ಮಲಗಿದ್ದಾರೆಂದು ಮುಚ್ಚುವವನಿಗೆ ಹೇಗೆ ತಿಳಿಯಬೇಕು? ನ್ಯೂಜೆರ್ಸಿ ರಾಜ್ಯದ ಹೈಬರ್ನಿಯಾ ಎಂಬ ಕಬ್ಬಿಣದ ಗಣಿಯ ಬಾಯಿಯನ್ನು ೧೯೮೯ರಲ್ಲಿ ಮುಚ್ಚಿದಾಗ ಇಪ್ಪತ್ತು ಸಾವಿರಕ್ಕೂ ಹೆಚ್ಚು ಬಾವಲಿಗಳಿಗೆ ಅದು ಜೀವಂತ ಸಮಾಧಿಯಾಗಲಿತ್ತು. ಸುದ್ದಿ ತಿಳಿದ ಪ್ರಾಣಿಶಾಸ್ತ್ರಜ್ಞರು ಓಡಾಡಿ ಅದನ್ನು ಮತ್ತೆ ತೆಗೆಸಿದರು. ಮಿಷಿಗನ್ ರಾಜ್ಯದ ‘ಐರನ್ ಮೌಂಟನ್’ ಊರಿನ ಮಿಲ್ಲಿ ಗಣಿಯೂ ೧೯೯೨ರಲ್ಲಿ ಮುಚ್ಚಿಹೋಗುವುದರಲ್ಲಿತ್ತು. ಒಳಗೆ ಹತ್ತಾರು ಸಾವಿರ ಬಾವಲಿಗಳಿವೆಯೆಂದು ಸಕಾಲದಲ್ಲಿ ತಿಳಿದುಬಂದುದರಿಂದ ಮರುವರ್ಷ ಅದರ ಬಾಯಿಗೆ ಉಕ್ಕಿನ ಪಂಜರವೊಂದನ್ನು ಕೂರಿಸಿದರು. ಅಡ್ಡಸರಳುಗಳ ನಡುವಣ ಸಂದು ಗೇಣಿಗಿಂತಲೂ ಕಿರಿದು. ಬಾವಲಿ ನುಸುಳಬಲ್ಲದು, ಮನುಷ್ಯ ನುಗ್ಗಲಾರ. ಈಗ ನೂರಾರು ಗಣಿಗಳಿಗೆ ಇಂಥ ಬಾಗಿಲುಗಳಿವೆ. ಊರಿಗೂ ಕ್ಷೇಮ, ನಿದ್ದೆಗೂ ಕ್ಷೇಮ.

ಇನ್ನು ನಿದ್ದೆಯ ಲೆಕ್ಕಾಚಾರಕ್ಕೆ ಬರೋಣ. ಬಾವಲಿ ಆರು ತಿಂಗಳೂ ಒಂದೇ ಸಮನೆ ಮಲಗುವುದಿಲ್ಲ. ಎರಡು ಮೂರು ವಾರಕ್ಕೊಮ್ಮೆ ತಾನಾಗಿಯೇ ಎಚ್ಚರಗೊಂಡು, ಸ್ವಲ್ಪ ಹೊತ್ತು ಮೈ ಬೆಚ್ಚಗೆ ಮಾಡಿಕೊಂಡು, ಮತ್ತೆ ಮಲಗುತ್ತದೆ. ಕೆನಡಾದ ವಿಜ್ಞಾನಿ ಡೊನಾಲ್ಡ್ ಥಾಮಸ್ ಮತ್ತು ಸಂಗಡಿಗರು ೧೯೯೦ರಲ್ಲಿ ಈ ಎಚ್ಚರದ ಬೆಲೆಯನ್ನು ಕಟ್ಟಿದರು. ತಣ್ಣಗಾದ ಮೈಯನ್ನು ಮತ್ತೆ ಬಿಸಿಮಾಡಲು ಒಂದು ಸಲಕ್ಕೆ ನೂರು ಮಿಲಿಗ್ರಾಮಿಗೂ ಹೆಚ್ಚು ಕೊಬ್ಬು ಬೇಕು. ಅಷ್ಟು ಕೊಬ್ಬಿನಲ್ಲಿ ಬಾವಲಿ ಎರಡು ತಿಂಗಳು ಮಲಗಿರಬಹುದು! ಚಳಿಗಾಲದ ಒಟ್ಟು ವೆಚ್ಚದಲ್ಲಿ ಮುಕ್ಕಾಲು ಪಾಲು ಹೋಗುವುದು ಎಚ್ಚರದ ಈ ಕೆಲವೇ ಗಳಿಗೆಗಳಿಗೆ. ಸಹಜವಾದ ಎಚ್ಚರಗಳಿಗೆ ಬೇಕಾದಷ್ಟನ್ನು ಬಾವಲಿ ಮುಂಚೆಯೇ ಕೂಡಿಸಿಟ್ಟಿರುತ್ತದೆ. ಅದಕ್ಕೆ ಮೀರಿದ ಒಂದೊಂದು ಎಚ್ಚರವೂ ಅದರ ಬಾಳಿನ ಗಂಟಿನಿಂದ ಕದ್ದ ಹಣವೇ ಸರಿ.

ಕದ್ದವರಲ್ಲಿ ವಿದ್ವಾಂಸರೂ ಇದ್ದರು. ೧೯೩೦ರ ದಶಕದಲ್ಲಿ ಡೊನಾಲ್ಡ್ ಗ್ರಿಫಿನ್ ಎಂಬ ತರುಣ ವಿದ್ಯಾರ್ಥಿ ಅಮೆರಿಕದ ಈಶಾನ್ಯ ಪ್ರಾಂತದ ಗುಹೆ-ಗಣಿಗಳಲ್ಲಿ ಬಾವಲಿಗಳಿಗೆ ಗುರುತಿನ ಬಳೆ ತೊಡಿಸತೊಡಗಿದ. ಬಾವಲಿ ತನ್ನ ಕೂಗಿನ ಪ್ರತಿಧ್ವನಿಯಿಂದ ದಾರಿ ಕಾಣುತ್ತದೆಂದು ಮುಂದೆ ಸಂಗಡಿಗನೊಡನೆ ಸಿದ್ಧಪಡಿಸಿ ಜಗತ್ಪ್ರಸಿದ್ಧನಾದವನು ಇವನೇ. ಆತನ ಹಿಂದೆ ಬಂದ ಪೀಳಿಗೆ ಸಾವಿರಾರು ಬಾವಲಿಗಳಿಗೆ ಬಳೆ ತೊಡಿಸಿತು. ಜ್ಞಾನಕ್ಕೆ ಅದರಿಂದ ಆದ ಲಾಭ ಅಪಾರ. ಒಂದೇ ಬಾವಲಿ ವರ್ಷವರ್ಷವೂ ಅದೇ ಗಣಿಗೆ ಮರಳುತ್ತದೆಂಬುದೂ, ಒಂಬತ್ತು ಗ್ರಾಂ ತೂಕದ ಈ ಜೀವಿ ೩೪ ವರ್ಷ ಬದುಕಬಲ್ಲದೆಂಬುದೂ ಬಳೆಗಳಿಂದಲೇ ತಿಳಿದ ಸಂಗತಿ. ಆದರೆ ಬಳೆ ತೊಡಿಸಲೆಂದು ಚಳಿಗಾಲದಲ್ಲಿ ಕೈಯಲ್ಲಿ ಹಿಡಿದ ಪ್ರತಿಯೊಂದು ಬಾವಲಿಯೂ ಎಚ್ಚರಗೊಳ್ಳುತ್ತಿತ್ತು. ವರ್ಷಗಳು ಕಳೆದಂತೆ ಅಭ್ಯಾಸ ನಡೆದ ಕಡೆಗಳಲ್ಲಿಯೇ ಸಂಖ್ಯೆ ಇಳಿಯುವುದು ಕಂಡು, ೧೯೭೦ರ ದಶಕದಲ್ಲಿ ಹೊಸದಾಗಿ ಬಳೆ ಕೊಡುವುದನ್ನೇ ಸರ್ಕಾರ ತಡೆಹಿಡಿಯಿತು.

ಮುಟ್ಟದೆ ನೋಡಿ ಬಂದರೆ ಸಾಲದೆ? ಈ ಪ್ರಶ್ನೆಗೂ ಥಾಮಸ್ ಅವರೇ ೧೯೯೫ರಲ್ಲಿ ಉತ್ತರ ಕೊಟ್ಟರು. ಸುಮಾರು ೧,೩೦೦ ಬಾವಲಿಗಳು ಮಲಗಿದ್ದ ಒಂದು ನೆಲೆಯಲ್ಲಿ ಹಾರಾಟವನ್ನು ಗುರುತಿಸುವ ಯಂತ್ರವನ್ನಿರಿಸಿದರು. ಜನ ಒಳಗೆ ಹೋಗಿ, ಒಂದನ್ನೂ ಮುಟ್ಟದೆ ಹಿಂದಿರುಗಿದರು. ಅವರು ಇದ್ದಷ್ಟು ಹೊತ್ತು ಎಲ್ಲವೂ ಶಾಂತವಾಗಿಯೇ ಕಂಡಿತು. ಹಾರಾಟ ಮೊದಲಾದದ್ದು ಆಮೇಲೆ. ಗಂಟೆಗಳು ಕಳೆದಂತೆ ಅದು ಏರಿ, ಎಂಟು ಗಂಟೆಯವರೆಗೂ ಮುಂದುವರಿದದ್ದುಂಟು. ಮೊದಲು ಎದ್ದವು ನೆರೆಯವನ್ನೂ ಎಬ್ಬಿಸಿದ್ದವು. ‘ನಾವು ಏನೂ ತೊಂದರೆ ಕೊಡಲಿಲ್ಲ’ ಎಂದುಕೊಂಡು ಮನೆಗೆ ಹೋದ ಸಂದರ್ಶಕನ ಬೆನ್ನ ಹಿಂದೆ ಇಡೀ ಊರೇ ಎದ್ದು ಕುಳಿತಿತ್ತು!

ಅಂದಿನಿಂದ ಈ ಶಾಸ್ತ್ರದ ರೀತಿನೀತಿಗಳೇ ಬದಲಾದವು. ಗಣತಿಗೆಂದು ಗಣಿ ಹೊಗುವುದು ಬಹುಪಾಲು ಎರಡು ವರ್ಷಕ್ಕೊಮ್ಮೆ, ನಡುಚಳಿಗಾಲದಲ್ಲಿ, ಕೆಲವೇ ಜನ. ಕೊಳೆತ ತೊಲೆ, ಸಡಿಲ ಬಂಡೆ, ಉಸಿರುಗಟ್ಟಿಸುವ ಗಾಳಿ, ಕತ್ತಲಲ್ಲಿ ಕಾಲಡಿಗೆ ಬಾಯ್ತೆರೆವ ಕೂಪ, ಇವೆಲ್ಲ ಅಲ್ಲಿ ಕಾದಿರುವುದರಿಂದ ಒಬ್ಬಂಟಿಯಾಗಿ ಯಾರೂ ಇಳಿಯುವುದಿಲ್ಲ. ಗಾಳಿಯನ್ನು ಪರೀಕ್ಷಿಸುವ ಮಾಪಕ ಜೊತೆಗಿರುತ್ತದೆ. ಮಾತು ಪಿಸುಮಾತಿಗೆ ಇಳಿಯುತ್ತದೆ. ಬಾವಲಿಗಳ ಗೊಂಚಲು ಕಂಡೊಡನೆ ಒಂದು ಛಾಯಾಚಿತ್ರ ತೆಗೆದು ಮುಂದೆ ನಡೆಯುತ್ತಾರೆ. ಮೂಗುಗಳನ್ನು ಒಂದೊಂದಾಗಿ ಎಣಿಸುವ ಕೆಲಸ ಆಮೇಲೆ ಕಚೇರಿಯ ಮೇಜಿನ ಮೇಲೆ. ಉಳಿದ ಕಾಲವೆಲ್ಲ ಕಾವಲು ಯಂತ್ರಗಳದು. ಶಾಖವನ್ನೂ ತೇವವನ್ನೂ ಗಂಟೆಗಂಟೆಗೆ ಬರೆದಿಡುವ ಉಪಕರಣಗಳು ಗೋಡೆಯಲ್ಲಿರುತ್ತವೆ. ಬಾಗಿಲಿನ ಬಳಿ ಕಣ್ಣಿಗೆ ಕಾಣದ ಕಿರಣವೊಂದು ಅಡ್ಡಲಾಗಿ ಹರಿಯುತ್ತದೆ. ಬಾವಲಿ ಅದನ್ನು ದಾಟಿದಾಗಲೆಲ್ಲ ಲೆಕ್ಕಕ್ಕೆ ಒಂದು ಸೇರುತ್ತದೆ. ಬೇಸಗೆಯಲ್ಲಿ ಹಿಡಿದ ಕೆಲವು ಬಾವಲಿಗಳ ಚರ್ಮದಡಿಗೆ ಅಕ್ಕಿಕಾಳಿನಷ್ಟು ಪುಟ್ಟ ಗುರುತನ್ನು ಸೇರಿಸಿದ್ದರೆ, ಅದು ಬಾಗಿಲು ದಾಟುವಾಗ ತನ್ನ ಸಂಖ್ಯೆಯನ್ನು ತಾನೇ ತಿಳಿಸುತ್ತದೆ.

ಈ ವಿವೇಕ ನೆಲೆಗೊಳ್ಳುತ್ತಿದ್ದಾಗಲೇ ಬಾವಲಿಗಳನ್ನು ಎಬ್ಬಿಸುವ ಇನ್ನೊಂದು ಶಕ್ತಿ ಒಳಗೆ ಕಾಲಿಟ್ಟಿತ್ತು. ೨೦೦೬ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ರಾಜ್ಯದ ಆಲ್ಬನಿ ನಗರದ ಬಳಿಯ ಗುಹೆಯೊಂದರಲ್ಲಿ ಗುಹಾಯಾತ್ರಿಕನೊಬ್ಬ ತೆಗೆದ ಚಿತ್ರದಲ್ಲಿ ಬಾವಲಿಗಳ ಮೂಗಿನ ಮೇಲೆ ಹಿಟ್ಟು ಉದುರಿಸಿದಂತೆ ಬಿಳಿಯ ಬೂಷ್ಟು ಕಂಡಿತು. ಮರುವರ್ಷದ ಚಳಿಗಾಲದಲ್ಲಿ ಆ ಸುತ್ತಿನ ಗುಹೆಗಳ ನೆಲದ ಮೇಲೆ ಸತ್ತ ಬಾವಲಿಗಳು ರಾಶಿಬಿದ್ದಿದ್ದವು. ಹಿಮದ ನಡುವೆ, ಹಾಡುಹಗಲಿನಲ್ಲಿ, ಇಲ್ಲದ ಹುಳುಗಳನ್ನು ಅರಸುತ್ತ ಬಾವಲಿಗಳು ಹಾರಿ ಬೀಳುವುದನ್ನು ಊರವರು ಕಂಡರು. ಈ ಬೇನೆಗೆ ‘ಬಿಳಿಮೂಗಿನ ರೋಗ’ವೆಂದು ಹೆಸರಾಯಿತು.

ಅದರ ಕಾರಣ ಒಂದು ಶಿಲೀಂಧ್ರ. ಸ್ಯೂಡೋಜಿಮ್ನೋಆಸ್ಕಸ್ ಡಿಸ್ಟ್ರಕ್ಟಾನ್ಸ್ ಎಂದು ಶಾಸ್ತ್ರನಾಮ. ಈ ಬೂಷ್ಟಿಗೆ ಚಳಿಯೇ ಪ್ರಿಯ; ೨೦ ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾದೆಡೆ ಅದು ಬೆಳೆಯಲಾರದು. ಎಚ್ಚತ್ತ ಬಾವಲಿಯ ಬಿಸಿ ಮೈಯಲ್ಲಿ ಅದರ ಆಟ ನಡೆಯದು. ಆದರೆ ಮಲಗಿದ ಬಾವಲಿಯ ಮೈ ತಣ್ಣಗೆ. ರೋಗದೊಡನೆ ಹೋರಾಡುವ ಶಕ್ತಿಯೂ ಆಗ ಅರೆನಿದ್ದೆಯಲ್ಲಿ. ಬೂಷ್ಟು ಮೂಗಿಗೆ, ಕಿವಿಗೆ, ರೆಕ್ಕೆಯ ತೆಳು ಚರ್ಮಕ್ಕೆ ಬೇರಿಳಿಸುತ್ತದೆ. ಮೈಯ ನೀರಿನ ಹದ ತಪ್ಪಿ ಬಾವಲಿ ಮತ್ತೆ ಮತ್ತೆ ಎಚ್ಚರಗೊಳ್ಳುತ್ತದೆ. ಏಪ್ರಿಲ್‌ವರೆಗೆ ಬರಬೇಕಾಗಿದ್ದ ಕೊಬ್ಬು ಫೆಬ್ರವರಿಗೇ ತೀರುತ್ತದೆ. ವಾಚಕರು ಗಮನಿಸಬೇಕು: ಶಿಲೀಂಧ್ರ ಕೊಲ್ಲುವ ವಿಧಾನ, ದೀಪ ಹಿಡಿದು ಬಂದ ಸಂದರ್ಶಕನ ವಿಧಾನವೇ. ಎರಡೂ ಅಕಾಲದಲ್ಲಿ ಎಬ್ಬಿಸುತ್ತವೆ. ಸಂದರ್ಶಕ ಒಂದೆರಡು ಸಲ. ಶಿಲೀಂಧ್ರ ಮತ್ತೆ ಮತ್ತೆ.

೨೦೧೨ರ ವೇಳೆಗೆ ಸತ್ತ ಬಾವಲಿಗಳ ಸಂಖ್ಯೆ ೫೭ ಲಕ್ಷಕ್ಕೂ ಮೀರಿದೆಯೆಂದು ಅಮೆರಿಕ ಸರ್ಕಾರದ ಅಂದಾಜು. ಹಿಂದೊಮ್ಮೆ ಓಡಾಡಿ ಬದುಕಿಸಿದ ಹೈಬರ್ನಿಯಾ ಗಣಿಯಲ್ಲಿಯೂ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಅಳಿದುಹೋದವು. ಪುಟ್ಟ ಕಂದು ಬಾವಲಿ, ಉದ್ದಗಿವಿಯ ಬಾವಲಿ, ಮೂರುಬಣ್ಣದ ಬಾವಲಿ, ಈ ಮೂರು ಜಾತಿಗಳು ರೋಗ ತಟ್ಟಿದ ಪ್ರದೇಶಗಳಲ್ಲಿ ಹತ್ತು ವರ್ಷದೊಳಗೆ ಅದೇ ಪ್ರಮಾಣದಲ್ಲಿ ಕ್ಷೀಣಿಸಿದವೆಂದು ೨೦೨೧ರಲ್ಲಿ ಪ್ರಕಟವಾದ ವಿಸ್ತಾರವಾದ ಲೆಕ್ಕ ತೋರಿಸಿತು.

ಯೂರೋಪಿನಲ್ಲಿ ಇದೇ ಶಿಲೀಂಧ್ರ ಬಾವಲಿಗಳ ಮೇಲೆ ಬೆಳೆಯುತ್ತದೆ. ಆದರೆ ಅಲ್ಲಿಯ ಬಾವಲಿಗಳು ಅದಕ್ಕೆ ಒಗ್ಗಿಹೋಗಿ ಹೀಗೆ ಗುಂಪುಗುಂಪಾಗಿ ಸಾಯುವುದಿಲ್ಲ. ಸಾಗರವನ್ನು ದಾಟಿ ಅದು ಅಮೆರಿಕಕ್ಕೆ ಬಂದದ್ದು ಬಹುಶಃ ಯಾರದೋ ಬೂಟಿಗೋ ಹಗ್ಗಕ್ಕೋ ಅಂಟಿದ ಮಣ್ಣಿನಲ್ಲಿ ಎಂಬುದು ವಿಜ್ಞಾನಿಗಳ ಊಹೆ. ಅಲ್ಲಿಂದ ಮುಂದೆ ಹೆಚ್ಚಾಗಿ ಬಾವಲಿಯಿಂದ ಬಾವಲಿಗೆ ಹರಡಿತು. ಆದರೂ ೨೦೧೬ರಲ್ಲಿ ಒಮ್ಮೆಲೇ ಸುಮಾರು ೨,೦೦೦ ಕಿಲೋಮೀಟರು ಜಿಗಿದು ಪಶ್ಚಿಮ ತೀರದ ವಾಷಿಂಗ್ಟನ್ ರಾಜ್ಯದಲ್ಲಿ ಕಾಣಿಸಿಕೊಂಡಾಗ ಅನುಮಾನ ಮತ್ತೆ ಮನುಷ್ಯನ ಕಡೆಗೇ ತಿರುಗಿತು. ಹಾಗಾಗಿ ಈಗ ಗಣಿಯಿಂದ ಹೊರಬಂದ ಅಭ್ಯಾಸಿಯ ಮೊದಲ ಕೆಲಸ ಸ್ನಾನವಲ್ಲ, ಊಟವಲ್ಲ. ಮೇಲುಡುಪನ್ನು ಚೀಲದಲ್ಲಿ ಕಟ್ಟಬೇಕು. ಬೂಟು, ಹಗ್ಗ, ಉಪಕರಣಗಳ ಮಣ್ಣನ್ನು ಉಜ್ಜಿ ತೊಳೆದು, ೫೫ ಡಿಗ್ರಿಯ ಬಿಸಿನೀರಿನಲ್ಲಿ ಮುಳುಗಿಸಬೇಕು. ಮಡಿಯ ಆಚಾರ ಬಲ್ಲವರಿಗೆ ಇದು ವಿಚಿತ್ರವೆನಿಸದು. ಆದರೆ ಈ ಮಡಿ ತನ್ನನ್ನು ಕಾಯುವುದಕ್ಕಲ್ಲ, ಎದುರಿನ ಜೀವವನ್ನು ಕಾಯುವುದಕ್ಕೆ.

ಬಾವಲಿ ಸತ್ತರೆ ಮನುಷ್ಯನಿಗೇನು ಎಂದು ಕೇಳುವವರುಂಟು. ಒಂದು ಪುಟ್ಟ ಬಾವಲಿ ಬೇಸಗೆಯ ರಾತ್ರಿ ಗಂಟೆಗೆ ನೂರಾರು ಕೀಟಗಳನ್ನು ಹಿಡಿಯುತ್ತದೆ. ಅಮೆರಿಕದ ಬೇಸಾಯಕ್ಕೆ ಬಾವಲಿಗಳಿಂದಾಗುವ ಉಪಕಾರ ವರ್ಷಕ್ಕೆ ಮುನ್ನೂರೆಪ್ಪತ್ತು ಕೋಟಿ ಡಾಲರಿಗೆ ಕಡಮೆಯಿಲ್ಲವೆಂದು ೨೦೧೧ರಲ್ಲಿ ಕೆಲವು ವಿಜ್ಞಾನಿಗಳು ಲೆಕ್ಕಹಾಕಿದರು. ೨೦೨೪ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಐಯಾಲ್ ಫ್ರ್ಯಾಂಕ್ ಪ್ರಕಟಿಸಿದ ಲೆಕ್ಕ ಇನ್ನೂ ಎದೆ ನಡುಗಿಸುವಂಥದು. ಬಾವಲಿಗಳು ಅಳಿದ ಜಿಲ್ಲೆಗಳಲ್ಲಿ ರೈತರು ಕೀಟನಾಶಕದ ಬಳಕೆಯನ್ನು ನೂರಕ್ಕೆ ೩೧ರಷ್ಟು ಹೆಚ್ಚಿಸಿದರು. ಅದೇ ಜಿಲ್ಲೆಗಳಲ್ಲಿ ಶಿಶುಮರಣ ನೂರಕ್ಕೆ ಸುಮಾರು ೮ರಷ್ಟು ಏರಿತು. ಗಣಿಯ ಕತ್ತಲಲ್ಲಿ ಮೊದಲಾದ ಕೇಡು ತೊಟ್ಟಿಲಿನವರೆಗೆ ಬಂದು ಮುಟ್ಟಿತು ಎಂದರೆ ಅತಿಶಯೋಕ್ತಿಯಲ್ಲ.

ಹಾಗೆಂದು ಎಲ್ಲವೂ ಮುಗಿದಿಲ್ಲ. ರೋಗದ ಹೊಡೆತ ಕಳೆದ ಮೇಲೆಯೂ ಕೆಲವು ಗಣಿ-ಗುಹೆಗಳಲ್ಲಿ ಪುಟ್ಟ ಕಂದು ಬಾವಲಿಗಳು ಬಾಳುತ್ತಿವೆ. ಅವು ಹೇಗೆ ಉಳಿದವು? ೨೦೧೯ರಲ್ಲಿ ಪ್ರಕಟವಾದ ಅಭ್ಯಾಸವೊಂದು ಇದಕ್ಕೆ ಒಂದು ಉತ್ತರವನ್ನು ಕಂಡುಕೊಂಡಿತು: ಉಳಿದವು ಚಳಿಗಾಲದ ಆರಂಭದಲ್ಲಿ ಹಿಂದಿನವಕ್ಕಿಂತ ಹೆಚ್ಚು ಕೊಬ್ಬನ್ನು ಹೊತ್ತಿದ್ದವು. ಕೂಡಿಸಿಟ್ಟ ಗಂಟು ದೊಡ್ಡದಾದರೆ ಹಲವು ಸಲ ಎಚ್ಚರವಾದರೂ ವಸಂತದವರೆಗೆ ಎಳೆಯಬಹುದು. ಚಳಿ ಹೆಚ್ಚಾದಷ್ಟೂ ಬೂಷ್ಟಿನ ಬೆಳವಣಿಗೆ ಮಂದವಾಗುವುದರಿಂದ, ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಕೆಲವು ಪಾಳುನೆಲೆಗಳ ಗಾಳಿಯ ದಾರಿಗಳನ್ನು ತಿದ್ದಿ ಒಳಗನ್ನು ಇನ್ನಷ್ಟು ತಣ್ಣಗೆ ಮಾಡುವ ಪ್ರಯತ್ನವೂ ನಡೆದಿದೆ. ಆದರೆ ಚೇತರಿಕೆ ಶೀಘ್ರವಾಗಿ ಆಗುವಂಥದಲ್ಲ. ಪುಟ್ಟ ಕಂದು ಬಾವಲಿ ವರ್ಷಕ್ಕೆ ಹೆರುವುದು ಒಂದೇ ಮರಿ. ಶರತ್ಕಾಲದಲ್ಲಿ ಕೂಡಿ, ಬೀಜವನ್ನು ಚಳಿಗಾಲವೆಲ್ಲ ಒಡಲಲ್ಲಿ ಜತನವಾಗಿಟ್ಟು, ವಸಂತದಲ್ಲಿ ಎದ್ದ ಮೇಲೆಯೇ ಹೆಣ್ಣು ಗರ್ಭ ಧರಿಸುತ್ತದೆ. ನಿದ್ದೆಯಲ್ಲಿ ಸತ್ತ ಪ್ರತಿಯೊಂದು ಹೆಣ್ಣಿನೊಂದಿಗೆ ಆ ವರ್ಷದ ಮರಿಯೂ ಹೋದಂತೆ.

ಸಾಮಾನ್ಯವಾಗಿ ಜ್ಞಾನವೆಂದರೆ ಬೆಳಕು ಎನ್ನುತ್ತಾರೆ. ಕತ್ತಲಿರುವಲ್ಲಿಗೆ ದೀಪ ಒಯ್ಯುವುದೇ ವಿದ್ವಾಂಸನ ಧರ್ಮವೆಂದು ಭಾವಿಸುತ್ತಾರೆ. ಪಾಳುಗಣಿಗಳ ಅಭ್ಯಾಸಿಗಳು ಕಲಿತ ಪಾಠ ಸ್ವಲ್ಪ ಬೇರೆ. ದೀಪವನ್ನು ಯಾವಾಗ ಒಯ್ಯಬೇಕು ಎಂಬುದಕ್ಕಿಂತ ಯಾವಾಗ ಒಯ್ಯಬಾರದು ಎಂಬುದನ್ನು ಅವರು ಕಷ್ಟಪಟ್ಟು ತಿಳಿದರು. ಹತ್ತು ಪ್ರಶ್ನೆಗಳಿದ್ದರೂ ಒಂದಕ್ಕೆ ಮಾತ್ರ ಉತ್ತರ ತೆಗೆದುಕೊಂಡು, ಉಳಿದ ಒಂಬತ್ತನ್ನು ಬೇಸಗೆಯವರೆಗೆ ಕಾಯಿಸುವ ತಾಳ್ಮೆ ಅವರದು.

ಆದಕಾರಣ ಈ ಶಾಸ್ತ್ರದ ಬಹಳಷ್ಟು ಕೆಲಸ ಈಗ ಗಣಿಯ ಹೊರಗೇ ನಡೆಯುತ್ತದೆ. ಏಪ್ರಿಲ್ ತಿಂಗಳಲ್ಲಿ ಹಿಮ ಕರಗಿ ಮೊದಲ ಹುಳುಗಳು ಹಾರತೊಡಗಿದಾಗ, ಸಂಜೆಯ ಹೊತ್ತು ಉಕ್ಕಿನ ಬಾಗಿಲಿನ ಆಚೆ ಒಂದಿಬ್ಬರು ಸದ್ದಿಲ್ಲದೆ ಕುಳಿತಿರುತ್ತಾರೆ. ಕತ್ತಲು ಕವಿಯುತ್ತಿದ್ದಂತೆ ಸರಳುಗಳ ನಡುವಿನಿಂದ ಒಂದು ನೆರಳು ಹೊರಬೀಳುತ್ತದೆ; ಸ್ವಲ್ಪ ಹೊತ್ತಿಗೆ ಇನ್ನೊಂದು. ಹಿಂದಿನಂತೆ ಹೊಗೆಯ ಹಾಗೆ ಸುರಿಯುತ್ತಿದ್ದ ಹಿಂಡು ಎಷ್ಟೋ ಕಡೆ ಇಂದು ಇಲ್ಲ. ಆದರೆ ಹೊರಬಂದ ಒಂದೊಂದೂ ತನ್ನ ನಿದ್ದೆಯನ್ನು ತಾನೇ ಮುಗಿಸಿ, ತನ್ನ ಕಾಲಕ್ಕೆ ತಾನೇ ಎದ್ದು ಬಂದದ್ದು. ಕುಳಿತವರು ಅವನ್ನು ಒಂದೊಂದಾಗಿ ಎಣಿಸುತ್ತಾರೆ.